ಬಿಬಿಸಿ ಮೈಕ್ರೋಗೆ ವರ್ಡ್‌ವೈಸ್ ಪ್ಲಸ್ ಹಾಕಿಸಬೇಕೆ?

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದವಳು. ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದೇನೆ. ನಿವೃತ್ತಳಾದ ಮೇಲೆ, ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ನನ್ನ ಬಾಲ್ಯದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಇಂಟರ್ನೆಟ್ಟಿನ ಸೆಳೆತವಿಲ್ಲದ ಯಂತ್ರ ಬೇಕೆಂದು ಹಳೆಯದೊಂದು ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರನ್ನು ಫ್ಲಾಪಿ ಡ್ರೈವ್ ಸಮೇತ ಕೊಂಡೆ. ಅದರಲ್ಲಿ ವರ್ಡ್‌ವೈಸ್ ಎಂಬ, ಚಿಪ್ ರೂಪದಲ್ಲಿ ಬರುವ ಬರಹ ತಂತ್ರಾಂಶ ಇದೆ. ನನ್ನ ಒಂದೊಂದು ಅಧ್ಯಾಯವೂ ಸುಮಾರು 3,000 ಪದಗಳಷ್ಟಾಗುತ್ತದೆ. ಹಳೆಯ ಕಂಪ್ಯೂಟರ್‌ಗಳ ಬಿಡಿಭಾಗ ಮಾರುವವರೊಬ್ಬರು ಅದರ ಸುಧಾರಿತ ರೂಪವಾದ ವರ್ಡ್‌ವೈಸ್ ಪ್ಲಸ್ ಚಿಪ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಪರಿಚಯದ ಇನ್ನೊಬ್ಬರು, ‘ಸಾಲಿಗೆ 40 ಅಕ್ಷರಗಳ ಪರದೆಯಲ್ಲಿ ಬರೆಯುವುದು ಶಿಕ್ಷೆ, ವ್ಯೂ ಎಂಬ ಬರಹ ತಂತ್ರಾಂಶ ಹಾಕಿಸಿಕೊಳ್ಳಿ’ ಎನ್ನುತ್ತಾರೆ. ಯಾರ ಮಾತು ಕೇಳಲಿ? ಇದರಲ್ಲಿ ಕನ್ನಡವನ್ನೂ ಬರೆಯಬಹುದೇ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕುಳಿತು ಬರೆಯುವುದಷ್ಟೇ ನಿಮ್ಮ ಕೆಲಸವಾದರೆ ಈಗಿರುವ ವರ್ಡ್‌ವೈಸ್ ಸಾಕು. ಪ್ಲಸ್ ಹಾಕಿಸಿದರೂ ಬೆರಳಿಗೆ ಮತ್ತು ಕಣ್ಣಿಗೆ ಬರೆಯುವ ಅನುಭವ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಆದರೆ ನೀವು ಒಂದಲ್ಲ, ಹಲವು ಅಧ್ಯಾಯಗಳನ್ನು ಬರೆಯುತ್ತಿದ್ದೀರಿ; ಬರೆದು ಮುಗಿದ ಮೇಲೆ ಪ್ರತಿಯೊಂದರಲ್ಲೂ ಅದೇ ತಿದ್ದುಪಡಿಗಳನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಆ ಕಾರಣಕ್ಕೆ ಪ್ಲಸ್ ನಿಮಗೆ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಅಭಿಪ್ರಾಯ. ವ್ಯೂ ಮಾತ್ರ ನಿಮ್ಮ ಯಂತ್ರಕ್ಕೆ ಬೇಡ. ಅದು ಕೆಟ್ಟ ತಂತ್ರಾಂಶವೆಂದಲ್ಲ. ನಿಮ್ಮ ಅಧ್ಯಾಯ ಅದರಲ್ಲಿ ಹಿಡಿಸುವುದಿಲ್ಲ.

ಹಿಡಿಸುವುದಿಲ್ಲ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಯಂತ್ರದ ಬಗ್ಗೆ ತೆಗೆದುಕೊಳ್ಳುವ ಎಲ್ಲ ನಿರ್ಧಾರಗಳೂ ಕೊನೆಗೆ ಬಂದು ನಿಲ್ಲುವುದು ಮೆಮೊರಿಯ ಲೆಕ್ಕದಲ್ಲಿಯೇ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ 1981ರ ಕೊನೆಯಲ್ಲಿ ಹೊರತಂದ ಈ ಕಂಪ್ಯೂಟರಿನ ಮಾಡೆಲ್ ಬಿಯಲ್ಲಿರುವುದು 32 ಕಿಲೋಬೈಟ್, ಅಂದರೆ 32,768 ಬೈಟ್ ಮೆಮೊರಿ. ನೀವು ಬರೆದದ್ದು ಅದರಲ್ಲಿಯೇ ಇರಬೇಕು, ಪರದೆಯ ಮೇಲೆ ಕಾಣುವುದೂ ಅದರಲ್ಲಿಯೇ ಇರಬೇಕು, ವ್ಯವಸ್ಥೆಯ ಸ್ವಂತ ಲೆಕ್ಕಪತ್ರಗಳೂ ಅದರಲ್ಲಿಯೇ. ಫ್ಲಾಪಿ ಡ್ರೈವ್ ಇರುವ ಯಂತ್ರದಲ್ಲಿ ಕೆಳಗಿನ 6,400 ಬೈಟ್‌ಗಳು ವ್ಯವಸ್ಥೆಗೆ ಮತ್ತು ಡಿಸ್ಕ್ ನಿರ್ವಹಣೆಗೆ ಹೋಗುತ್ತವೆ. ಕ್ಯಾಸೆಟ್ ಕಾಲದಲ್ಲಿ ಇದು 3,584 ಆಗಿತ್ತು. ಡ್ರೈವ್ ತಂದ ಅನುಕೂಲಕ್ಕೆ ತೆತ್ತ ಬೆಲೆ ಅದು.

ಇನ್ನು ಪರದೆ. ವರ್ಡ್‌ವೈಸ್ ಬರೆಯಲು ಬಳಸುವುದು ಮೋಡ್ 7 ಎಂಬ, ಟೀವಿಯಲ್ಲಿ ಸುದ್ದಿಯ ಪುಟಗಳನ್ನು ತೋರಿಸುತ್ತಿದ್ದ ಟೆಲಿಟೆಕ್ಸ್ಟ್ ಮಾದರಿಯ ಪರದೆಯನ್ನು. ಸಾಲಿಗೆ 40 ಅಕ್ಷರ, ಒಟ್ಟು 25 ಸಾಲು. ಇದರಲ್ಲಿ ಅಕ್ಷರದ ಚಿತ್ರವನ್ನು ಬರೆಯುವುದು ಬೇರೆಯದೇ ಒಂದು ಚಿಪ್. ಮೆಮೊರಿಯಲ್ಲಿ ಯಾವ ಜಾಗದಲ್ಲಿ ಯಾವ ಅಕ್ಷರ ಎಂಬ ಸಂಖ್ಯೆಯನ್ನಷ್ಟೇ ಇಟ್ಟರೆ ಸಾಕು. ಹೀಗಾಗಿ ಇಡೀ ಪರದೆ ಒಂದೇ ಕಿಲೋಬೈಟಿನಲ್ಲಿ ಮುಗಿಯುತ್ತದೆ. 80 ಅಕ್ಷರಗಳ ಮೋಡ್ 3ಕ್ಕೆ ಬಂದರೆ ಪ್ರತಿ ಅಕ್ಷರದ ಪ್ರತಿ ಚುಕ್ಕೆಯನ್ನೂ ಮೆಮೊರಿಯಲ್ಲಿ ಇಡಬೇಕು. ಅದಕ್ಕೆ 16 ಕಿಲೋಬೈಟ್ ಬೇಕು, ಅಂದರೆ ಯಂತ್ರದ ಅರ್ಧ ಮೆಮೊರಿ.

ಈಗ ಕಳೆದು ನೋಡಿ. ಮೋಡ್ 7ರಲ್ಲಿ ಬರಹಕ್ಕೆ ಉಳಿಯುವುದು 25,344 ಬೈಟ್. ಮೋಡ್ 3ರಲ್ಲಿ ಉಳಿಯುವುದು 9,984. ತಂತ್ರಾಂಶ ತನ್ನ ಕೆಲಸಕ್ಕೆಂದು ತೆಗೆದುಕೊಳ್ಳುವುದು ಇದರಲ್ಲಿ ಇನ್ನಷ್ಟು ಕಳೆಯಬೇಕು. ಇಂಗ್ಲಿಷ್ ಪದಕ್ಕೆ, ನಡುವಿನ ಜಾಗವೂ ಸೇರಿ, ಸರಾಸರಿ ಆರು ಬೈಟ್ ಎಂದಿಟ್ಟುಕೊಂಡರೆ ನಿಮ್ಮ 3,000 ಪದಗಳ ಅಧ್ಯಾಯಕ್ಕೆ 18,000 ಬೈಟ್ ಬೇಕು. ವರ್ಡ್‌ವೈಸ್‌ನಲ್ಲಿ ಅದು ಆರಾಮವಾಗಿ ಕೂರುತ್ತದೆ. ವ್ಯೂ ತಂತ್ರಾಂಶವನ್ನು 80 ಅಕ್ಷರಗಳ ಪರದೆಯಲ್ಲಿ ಬಳಸಿದರೆ ಅಧ್ಯಾಯದ ಅರ್ಧ ದಾರಿಯಲ್ಲಿಯೇ ಜಾಗ ಮುಗಿದಿರುತ್ತದೆ. ವ್ಯೂ ಬೇರೆ ಮೋಡ್‌ಗಳಲ್ಲಿಯೂ ನಡೆಯುತ್ತದೆ, ಮೋಡ್ 7ರಲ್ಲಿಯೂ ನಡೆಯುತ್ತದೆ. ಆದರೆ ಅಗಲ ಪರದೆ ಬೇಕೆಂದು ಹೋಗಿ ಮತ್ತೆ 40 ಅಕ್ಷರಕ್ಕೇ ಇಳಿಯುವುದಾದರೆ ಹೋಗಿದ್ದೇಕೆ?

ನಿಮ್ಮ ಪರಿಚಯದವರ ಮಾತಿಗೂ ಒಂದು ಕಾಲದಲ್ಲಿ ಅರ್ಥವಿತ್ತು. 1985ರ ಬಿ ಪ್ಲಸ್ ಮತ್ತು 1986ರ ಮಾಸ್ಟರ್ 128 ಯಂತ್ರಗಳಲ್ಲಿ ಪರದೆಗೆಂದೇ ಪ್ರತ್ಯೇಕ ಮೆಮೊರಿ ಬಂತು. ಅದಕ್ಕೆ ಶ್ಯಾಡೋ ಮೆಮೊರಿ ಎನ್ನುತ್ತಾರೆ. 80 ಅಕ್ಷರಗಳ ಪರದೆ ಹಾಕಿಕೊಂಡರೂ ಬರಹದ ಜಾಗ ಕುಗ್ಗುವುದಿಲ್ಲ. ಅಂಥ ಯಂತ್ರದಲ್ಲಿ ವ್ಯೂ ನಿಜಕ್ಕೂ ಸೊಗಸು. ಮಾಸ್ಟರ್‌ನಲ್ಲಂತೂ ಅದು ಒಳಗೇ ಬರುತ್ತಿತ್ತು. ಅವರು ಬಳಸಿದ್ದು ಮಾಸ್ಟರ್ ಆಗಿದ್ದರೆ ಅವರ ಅನುಭವ ಸರಿಯೇ, ಆದರೆ ಅದು ನಿಮ್ಮ ಮೇಜಿನ ಮೇಲಿರುವ ಯಂತ್ರಕ್ಕೆ ಅನ್ವಯಿಸುವುದಿಲ್ಲ.

40 ಅಕ್ಷರದ ಪರದೆ ಶಿಕ್ಷೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕರಡು ಬರೆಯುವಾಗ ಕಣ್ಣಿಗೆ ಬೇಕಾದದ್ದು ದಪ್ಪ, ಸ್ಪಷ್ಟ ಅಕ್ಷರ. ಟೆಲಿಟೆಕ್ಸ್ಟ್ ಚಿಪ್ ಅಕ್ಷರಗಳ ಓರೆ ಅಂಚುಗಳನ್ನು ನಯಗೊಳಿಸಿ ತೋರಿಸುತ್ತದೆ. ಮಾಮೂಲಿ ಟೀವಿಯಲ್ಲಿಯೂ ಓದಲು ಸುಲಭ. ಮೋಡ್ 3ರ ಸಣ್ಣ ಅಕ್ಷರಗಳು ಒಳ್ಳೆಯ ಮಾನಿಟರ್ ಇಲ್ಲದಿದ್ದರೆ ಒಂದು ಗಂಟೆಯಲ್ಲಿ ಕಣ್ಣು ನೋಯಿಸುತ್ತವೆ. ವರ್ಡ್‌ವೈಸ್ ರೂಪಿಸಿದ ಚಾರ್ಲ್ಸ್ ಮೊಯರ್ ಮತ್ತು ಅವರ ಕಂಪ್ಯೂಟರ್ ಕಾನ್ಸೆಪ್ಟ್ಸ್ ಸಂಸ್ಥೆ ಅಗಲವನ್ನು ಬಿಟ್ಟುಕೊಟ್ಟು ಜಾಗವನ್ನು ಉಳಿಸಿಕೊಂಡದ್ದು ಆ ಯಂತ್ರದ ಮಿತಿಯನ್ನು ಚೆನ್ನಾಗಿ ಅರಿತು ಮಾಡಿದ ಆಯ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದರಿಂದಲೇ ಆ ತಂತ್ರಾಂಶ ಇಷ್ಟು ವರ್ಷಗಳ ಮೇಲೂ ಬಳಸಲು ಹಿತವಾಗಿದೆ.

ಆ ಆಯ್ಕೆಯ ಇನ್ನೊಂದು ಮುಖವನ್ನು ನೀವು ಈಗಾಗಲೇ ಕಂಡಿರುತ್ತೀರಿ. ಪರದೆಯ ಮೇಲೆ ಕಾಣುವುದು ಪುಟದ ರೂಪವಲ್ಲ. ರೂಪವನ್ನು ಬರಹದ ನಡುವೆಯೇ ಆಜ್ಞೆಗಳಾಗಿ ಬರೆಯಬೇಕು. ಎಫ್1 ಒತ್ತಿದರೆ ಅಕ್ಷರಗಳು ಹಸಿರಾಗುತ್ತವೆ, ಆಗ ಎರಡಕ್ಷರದ ಆಜ್ಞೆ ಬರೆಯುತ್ತೀರಿ, ಎಫ್2 ಒತ್ತಿದರೆ ಮತ್ತೆ ಬಿಳಿಯ ಬರಹಕ್ಕೆ ಮರಳುತ್ತೀರಿ. ಸಾಲಿನ ಉದ್ದಕ್ಕೆ ಎಲ್ಎಲ್ ಮತ್ತು ಒಂದು ಸಂಖ್ಯೆ, ಎಡ ಅಂಚಿಗೆ ಎಲ್ಎಮ್, ನಡುವೆ ಕೂರಿಸಲು ಸಿಇ, ಹೊಸ ಪುಟಕ್ಕೆ ಬಿಪಿ. ಮೆನುವಿನ ಏಳನೆಯ ಆಯ್ಕೆ ಒತ್ತಿದಾಗ ಮುದ್ರಣ ಹೇಗೆ ಬರುತ್ತದೆಂದು 80 ಅಕ್ಷರಗಳ ಅಗಲದಲ್ಲಿ ತೋರಿಸುತ್ತದೆ. ಕೆಲವರಿಗೆ ಇದು ತಲೆನೋವು. ನನಗೆ ಮಾತ್ರ ಇದೇ ಇಷ್ಟ: ಹಸಿರು ನನ್ನ ಆಜ್ಞೆ, ಬಿಳಿ ನನ್ನ ಬರಹ, ಎರಡೂ ಕಣ್ಣಮುಂದೆ ಇವೆ. ಯಾವ ಸಾಲು ಯಾಕೆ ಒಳಸರಿದಿದೆ ಎಂದು ಹುಡುಕಾಡಬೇಕಿಲ್ಲ.

ಇಷ್ಟೂ ಹಳೆಯ ವರ್ಡ್‌ವೈಸ್‌ನಲ್ಲಿ ಇರುವಂಥದ್ದೇ. ಪ್ಲಸ್ ಇದರಲ್ಲಿ ಯಾವುದನ್ನೂ ಕೆಡಿಸಿಲ್ಲ. ಮೊದಲು ಗಮನಿಸಬೇಕಾದದ್ದು ಅದನ್ನೇ. ಸುಧಾರಿತ ತಂತ್ರಾಂಶವನ್ನು ಪರೀಕ್ಷಿಸುವವರು ಹೊಸದಾಗಿ ಏನು ಬಂತು ಎಂಬ ಪಟ್ಟಿಗೇ ಕೈ ಹಾಕುತ್ತಾರೆ. ನಾನು ಮೊದಲು ನೋಡುವುದು ಹಳೆಯದು ಏನು ಹೋಯಿತು, ಬೆರಳಿಗೆ ಅಭ್ಯಾಸವಾದ ಕೀಲಿಗಳು ಜಾಗ ಬದಲಿಸಿವೆಯೇ, ಹಳೆಯ ಫೈಲ್‌ಗಳು ತೆರೆಯುತ್ತವೆಯೇ, ಬರಹದ ಜಾಗ ಎಷ್ಟು ಕುಗ್ಗಿತು ಎಂಬುದನ್ನು. ಪ್ಲಸ್ ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆಲ್ಲುತ್ತದೆ. ಅದೇ ಮೆನು, ಅದೇ ಎಂಟು ಆಯ್ಕೆಗಳು, ಒಂಬತ್ತನೆಯದಾಗಿ ಸೆಗ್ಮೆಂಟ್ ಎಂಬ ಒಂದು ಹೊಸ ಬಾಗಿಲು. ಎಫ್3ರಿಂದ ಗುರುತು ಹಾಕುವುದು, ಎಫ್7ರಿಂದ ಗುರುತಿನ ಭಾಗ ಅಳಿಸುವುದು, ಎಫ್8ರಿಂದ ಸಾಗಿಸುವುದು, ಎಫ್9ರಿಂದ ನಕಲು ಮಾಡುವುದು, ಎಲ್ಲವೂ ಇದ್ದಲ್ಲಿಯೇ ಇವೆ. ನೀವು ಈಗಾಗಲೇ ಬರೆದಿಟ್ಟ ಅಧ್ಯಾಯಗಳು ಹಾಗೆಯೇ ತೆರೆಯುತ್ತವೆ. ಹಳೆಯ ವರ್ಡ್‌ವೈಸ್ 8 ಕಿಲೋಬೈಟಿನ ಚಿಪ್‌ನಲ್ಲಿತ್ತು, ಪ್ಲಸ್ 16 ಕಿಲೋಬೈಟಿನದು. ಆದರೆ ತಂತ್ರಾಂಶ ಚಿಪ್‌ನಲ್ಲಿಯೇ ಇದ್ದು ಅಲ್ಲಿಂದಲೇ ನಡೆಯುವುದರಿಂದ, ಇಮ್ಮಡಿಯಾದ ಆ ಗಾತ್ರ ನಿಮ್ಮ ಬರಹದ ಜಾಗವನ್ನು ತಿನ್ನುವುದಿಲ್ಲ.

ಆ ಒಂಬತ್ತನೆಯ ಬಾಗಿಲ ಹಿಂದೆ ಇರುವುದೇ ಪ್ಲಸ್‌ನ ಜೀವಾಳ. ನಿಮ್ಮ ಮುಖ್ಯ ಬರಹದ ಜೊತೆಗೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಬೇರೆ ಬೇರೆ ಹಾಳೆಗಳಿದ್ದಂತೆ ಹತ್ತು ಸೆಗ್ಮೆಂಟ್‌ಗಳು. ಒಂದೊಂದರಲ್ಲೂ ಏನು ಬೇಕಾದರೂ ಬರೆಯಬಹುದು. ಅಧ್ಯಾಯ ಬರೆಯುತ್ತಿರುವಾಗ ಇನ್ನೊಂದು ನೆನಪು ನುಗ್ಗಿ ಬಂದರೆ ಅದನ್ನು ಎರಡನೆಯ ಸೆಗ್ಮೆಂಟಿನಲ್ಲಿ ಟಿಪ್ಪಣಿ ಮಾಡಿಟ್ಟು, ಅಧ್ಯಾಯದಲ್ಲಿ ನಿಲ್ಲಿಸಿದ ಸಾಲಿಗೇ ಮರಳಬಹುದು. ಫೈಲ್ ಉಳಿಸಿ, ಇನ್ನೊಂದನ್ನು ತೆರೆದು, ಮತ್ತೆ ಇದನ್ನು ತೆರೆಯುವ ಗೊಡವೆಯಿಲ್ಲ. ನೆನಪುಗಳನ್ನು ಬರೆಯುವವರಿಗೆ ಇದೊಂದೇ ಸಾಕು ಎಂದು ನನಗನ್ನಿಸುತ್ತದೆ. ಒಂದು ನೆನಪು ಇನ್ನೊಂದನ್ನು ಎಳೆದುಕೊಂಡೇ ಬರುತ್ತದೆ ತಾನೇ. ಆದರೆ ಈ ಹತ್ತೂ ಸೆಗ್ಮೆಂಟ್‌ಗಳಿಗೆ ಜಾಗ ಬರುವುದು ಅದೇ ಒಂದು ಮೆಮೊರಿಯಿಂದ. ಟಿಪ್ಪಣಿ ಬೆಳೆದಷ್ಟೂ ಅಧ್ಯಾಯಕ್ಕೆ ಕಡಿಮೆ. ಎಷ್ಟು ಅಕ್ಷರಗಳಿಗೆ ಜಾಗ ಉಳಿದಿದೆ ಎಂಬುದನ್ನು ಪರದೆಯೇ ತೋರಿಸುತ್ತಿರುತ್ತದೆ. ಅದರ ಮೇಲೆ ಒಂದು ಕಣ್ಣಿರಲಿ.

ಇದಕ್ಕಿಂತ ದೊಡ್ಡದು, ಸೆಗ್ಮೆಂಟಿನಲ್ಲಿ ಪ್ರೋಗ್ರಾಂ ಬರೆಯಬಹುದು ಎಂಬುದು. ಪ್ಲಸ್‌ನೊಳಗೆ ಬರಹವನ್ನು ತಿದ್ದುವುದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಇದೆ. ಯಂತ್ರದ ಜೊತೆಗೇ ಬರುವ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಅದು ಹೊಸದೆನಿಸುವುದಿಲ್ಲ. ಒಮ್ಮೆ ಬರೆದಿಟ್ಟರೆ ಶಿಫ್ಟ್ ಕೀಲಿಯ ಜೊತೆಗೆ ಆ ಸೆಗ್ಮೆಂಟಿನ ಸಂಖ್ಯೆಯ ಎಫ್ ಕೀಲಿ ಒತ್ತಿದರೆ ಆಯಿತು, ಅದು ಓಡುತ್ತದೆ.

ನಿಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ನಮ್ಮೂರುಗಳ ಹೆಸರು ಬರೆಯುವಾಗ ನಿಮ್ಮ ಬೆರಳು ಹಳೆಯ ಅಭ್ಯಾಸದಂತೆ ಒಂದು ಕಡೆ ಶಿಮೊಗಾ ಎಂದೂ ಇನ್ನೊಂದು ಕಡೆ ಶಿವಮೊಗ್ಗ ಎಂದೂ ಬರೆದಿರುತ್ತದೆ. ಮೈಸೂರ್ ಮತ್ತು ಮೈಸೂರು, ಹುಬ್ಳಿ ಮತ್ತು ಹುಬ್ಬಳ್ಳಿ, ಬ್ಯಾಂಗಲೋರ್ ಮತ್ತು ಬೆಂಗಳೂರು. ಮೊಮ್ಮಕ್ಕಳು ನಕ್ಷೆಯಲ್ಲಿ ಹುಡುಕಬೇಕೆಂದರೆ ಹೆಸರು ಎಲ್ಲ ಕಡೆಯೂ ಒಂದೇ ರೀತಿ ಇರಬೇಕು. ಹಳೆಯ ವರ್ಡ್‌ವೈಸ್‌ನಲ್ಲಿ ಮೆನುವಿನ ಐದನೆಯ ಆಯ್ಕೆ ತೆಗೆದು, ಒಂದೊಂದೇ ಹೆಸರನ್ನು ಬರೆದು, ಬದಲಿ ಹೆಸರನ್ನು ಬರೆದು, ಮತ್ತೆ ಮುಂದಿನದು. ಹತ್ತು ಹೆಸರಿದ್ದರೆ ಹತ್ತು ಸಲ, ಅದೂ ಪ್ರತಿ ಅಧ್ಯಾಯಕ್ಕೂ. ಪ್ಲಸ್‌ನಲ್ಲಿ ಹೀಗೆ ಮಾಡುತ್ತೀರಿ: 1ನೇ ಸಂಖ್ಯೆಯ ಸೆಗ್ಮೆಂಟಿನಲ್ಲಿ ‘ಸೆಲೆಕ್ಟ್ ಟೆಕ್ಸ್ಟ್’ ಎಂದು ಬರೆದು ಕೆಲಸ ಮುಖ್ಯ ಬರಹದ ಮೇಲೆ ನಡೆಯಲಿ ಎಂದು ಹೇಳುತ್ತೀರಿ. ಮುಂದಿನ ಸಾಲು ‘ಕರ್ಸರ್ ಟಾಪ್’, ಅಂದರೆ ಬರಹದ ತಲೆಗೆ ಹೋಗು. ಆಮೇಲೆ ‘ರಿಪೀಟ್’, ಅದರ ಕೆಳಗೆ ಹಳೆಯ ಹೆಸರು ಮತ್ತು ಹೊಸ ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ ಕೊಟ್ಟು ‘ರಿಪ್ಲೇಸ್’, ಕೊನೆಗೆ ಬರಹ ಮುಗಿಯುವ ತನಕ ಎಂಬರ್ಥದ ‘ಅನ್‌ಟಿಲ್ ಇಒಟಿ’. ಐದು ಸಾಲು. ಮುಂದಿನ ಹೆಸರಿಗೆ ಮತ್ತೆ ತಲೆಗೆ ಹೋಗಿ ಅದೇ ನಾಲ್ಕು ಸಾಲು. ಇದನ್ನು ಒಂದು ಫೈಲ್ ಆಗಿ ಡಿಸ್ಕಿನಲ್ಲಿ ಉಳಿಸಿಟ್ಟರೆ ಪ್ರತಿ ಅಧ್ಯಾಯಕ್ಕೂ ಶಿಫ್ಟ್ ಮತ್ತು ಎಫ್1, ಅಷ್ಟೇ.

ಇಲ್ಲೊಂದು ಎಚ್ಚರಿಕೆ. ಹೀಗೆ ಕಣ್ಣುಮುಚ್ಚಿ ಬದಲಿಸಿದರೆ ನಿಮ್ಮ ಅಜ್ಜಿ ಮಾಡಿದ ಮೈಸೂರ್ ಪಾಕ್ ಕೂಡ ಹೊಸ ಕಾಗುಣಿತಕ್ಕೆ ತಿರುಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಇಂದಿಗೂ ಹಳೆಯ ಹೆಸರನ್ನೇ ಉಳಿಸಿಕೊಂಡಿರುವ ಮೈಸೂರು ವಿಶ್ವವಿದ್ಯಾನಿಲಯದ ಹೆಸರೂ ಹಾಗೆಯೇ ಬದಲಾಗುತ್ತದೆ. ಅಂಥ ಹೆಸರುಗಳನ್ನು ಪ್ರೋಗ್ರಾಂಗೆ ಸೇರಿಸದೆ ಮೆನುವಿನ ಹಳೆಯ ಹುಡುಕಾಟದಲ್ಲಿಯೇ ಮಾಡಿ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಬದಲು ಒಂದೊಂದು ಕಡೆಯೂ ನಿಂತು ನಿಮ್ಮನ್ನು ಕೇಳುವ ಆಯ್ಕೆ ಇದೆ. ಮಾಡಿದ್ದನ್ನು ಹಿಂತೆಗೆಯುವ ಸೌಲಭ್ಯ ಈ ಎರಡರಲ್ಲೂ ಇಲ್ಲ. ಆದ್ದರಿಂದ ಯಾವುದೇ ದೊಡ್ಡ ಬದಲಾವಣೆಗೆ ಮುಂಚೆ ಅಧ್ಯಾಯವನ್ನು ಬೇರೊಂದು ಹೆಸರಿನಲ್ಲಿ ಉಳಿಸಿಕೊಳ್ಳಿ. ಡಿಸ್ಕಿನಲ್ಲಿ ಹೆಸರಿಗೆ ಏಳೇ ಅಕ್ಷರ, ಒಂದು ಬದಿಗೆ 31 ಫೈಲ್‌ಗಳಷ್ಟೇ; ಹೆಸರಿಡುವ ಪದ್ಧತಿಯನ್ನು ಮೊದಲೇ ಯೋಚಿಸಿಕೊಂಡರೆ ಒಳ್ಳೆಯದು.

ಪ್ಲಸ್ ಏನನ್ನು ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಮಾರುವವರು ಹೇಳುವುದಿಲ್ಲ. ಅದರಲ್ಲಿಯೂ ಬರೆಯುವುದು 40 ಅಕ್ಷರಗಳ ಪರದೆಯಲ್ಲಿಯೇ. ಕಾಗುಣಿತ ಪರೀಕ್ಷೆ ಇಲ್ಲ; ಅದಕ್ಕೆ ಆ ಸಂಸ್ಥೆಯೇ ಬೇರೆ ಚಿಪ್ ಮಾರುತ್ತಿತ್ತು. ಒಂದೇ ಸಲಕ್ಕೆ ಹಿಡಿಸುವ ಬರಹದ ಉದ್ದ ಹೆಚ್ಚುವುದಿಲ್ಲ. ಪ್ರೋಗ್ರಾಂ ಬರೆಯುವ ಆಸಕ್ತಿ ನಿಮಗೆ ಎಳ್ಳಷ್ಟೂ ಇಲ್ಲವೆಂದಾದರೆ ನೀವು ಕೊಳ್ಳುತ್ತಿರುವುದು ಹತ್ತು ಟಿಪ್ಪಣಿ ಹಾಳೆಗಳನ್ನು ಮಾತ್ರ. ಅದು ಸಾಕೆ ಎಂದು ನೀವೇ ನಿರ್ಧರಿಸಬೇಕು.

ಕೊಳ್ಳುವ ಮುಂಚೆ ಪರೀಕ್ಷಿಸಲು ಸುಲಭದ ದಾರಿ ಇದೆ. ಬೀಬ್‌ಎಮ್ ಎಂಬ ಎಮ್ಯುಲೇಟರ್ ನಿಮ್ಮ ಈಗಿನ ಲ್ಯಾಪ್‌ಟಾಪ್‌ನಲ್ಲಿಯೇ ಬಿಬಿಸಿ ಮೈಕ್ರೋವನ್ನು ಓಡಿಸುತ್ತದೆ. ಅದರಲ್ಲಿ ಪ್ಲಸ್ ನಡೆಸಿ ನೋಡಬಹುದು. ನೋಡುವಾಗ ‘ಇದು ಪರೀಕ್ಷೆ’ ಎಂಬ ಎರಡು ಸಾಲು ಬರೆದು ತೃಪ್ತರಾಗಬೇಡಿ. ಎರಡು ಸಾಲಿನಲ್ಲಿ ಯಾವ ತಂತ್ರಾಂಶವೂ ಚುರುಕಾಗಿಯೇ ಇರುತ್ತದೆ. ಪೂರ್ಣವಾಗಿ ಬರೆದು ಮುಗಿಸಿದ ಒಂದು ಅಧ್ಯಾಯವನ್ನು ತುಂಬಿಕೊಳ್ಳಿ. ಅದರ ತಲೆಯಲ್ಲಿ ಒಂದು ವಾಕ್ಯ ಸೇರಿಸಿ, ಬೆರಳಿನ ವೇಗಕ್ಕೆ ಪರದೆ ಸರಿಸಾಟಿಯಾಗಿ ಬರುತ್ತದೆಯೇ ನೋಡಿ. ಕೊನೆಯ ಪ್ಯಾರಾವನ್ನು ಮೊದಲಿಗೆ ಸಾಗಿಸಿ. ಅಷ್ಟು ಉದ್ದದ ಬರಹ ಒಳಗಿರುವಾಗಲೇ ಮುನ್ನೋಟ ತೆಗೆಯಿರಿ. 80 ಅಕ್ಷರದ ಪರದೆಗೆ ಎಷ್ಟು ಮೆಮೊರಿ ಬೇಕೆಂದು ಮೇಲೆ ಹೇಳಿದ್ದೇನೆ, ಹಾಗಾಗಿ ಚಿಕ್ಕ ಬರಹದ ಮುನ್ನೋಟ ನೋಡಿ ತೀರ್ಮಾನಕ್ಕೆ ಬರುವುದು ತಪ್ಪು. ಯಂತ್ರವನ್ನು ಮತ್ತೆ ಮೊದಲಿನಿಂದ ಆರಂಭಿಸುವ ಬ್ರೇಕ್ ಕೀಲಿಯನ್ನು ಬೇಕೆಂದೇ ಒತ್ತಿ, ಮತ್ತೆ ವರ್ಡ್‌ವೈಸ್‌ಗೆ ಮರಳಿ; ಹಳೆಯ ಬರಹ ಬೇಕೇ ಎಂದು ಕೇಳುತ್ತದೆ, ಹೌದು ಎಂಬುದಕ್ಕೆ ವೈ ಒತ್ತಿದರೆ ಬರಹ ಮರಳಿ ಬರುತ್ತದೆ. ಈ ಸಣ್ಣ ಪ್ರಶ್ನೆ ಎಷ್ಟು ಜನರ ಸಂಜೆಯ ಶ್ರಮವನ್ನು ಉಳಿಸಿದೆಯೋ! ಅದನ್ನು ಮೊದಲೇ ಮಾಡಿ ನೋಡಿದ್ದರೆ, ನಿಜವಾಗಿ ಕೈ ತಪ್ಪಿದ ದಿನ ಗಾಬರಿಯಾಗುವುದಿಲ್ಲ.

ಚಿಪ್ ಕೂರಿಸುವುದು ಕಷ್ಟವಲ್ಲ, ಆದರೆ ಅವಸರ ಕೂಡದು. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಮುಚ್ಚಳ ತೆಗೆಯಬೇಕು. ಮುಚ್ಚಳದ ನಾಲ್ಕು ಸ್ಕ್ರೂ, ಆಮೇಲೆ ಕೀಲಿಮಣೆಯನ್ನು ಹಿಡಿದಿರುವವು. ಕೀಲಿಮಣೆಯ ಕೆಳಗೆ ಬಲಗಡೆ ಒಂದೇ ಸಾಲಿನಲ್ಲಿ ಐದು ಸಾಕೆಟ್‌ಗಳು ಕಾಣುತ್ತವೆ. ಒಂದರಲ್ಲಿ ಕಾರ್ಯಾಚರಣ ವ್ಯವಸ್ಥೆ ಇದೆ, ಅದನ್ನು ಮುಟ್ಟಬೇಡಿ. ಉಳಿದ ನಾಲ್ಕರಲ್ಲಿ ಬೇಸಿಕ್, ಡಿಸ್ಕಿನ ಚಿಪ್ ಮತ್ತು ನಿಮ್ಮ ಈಗಿನ ವರ್ಡ್‌ವೈಸ್ ಇರುತ್ತವೆ. ಹಳೆಯ ವರ್ಡ್‌ವೈಸ್ ತೆಗೆದು ಅದೇ ಜಾಗಕ್ಕೆ ಪ್ಲಸ್ ಹಾಕಿ. ಎರಡನ್ನೂ ಇಟ್ಟುಕೊಂಡರೆ ಒಂದೇ ಕರೆಗೆ ಇಬ್ಬರು ಓಗೊಡುವ ಗೊಂದಲವಾಗುತ್ತದೆ, ಜಾಗವೂ ದಂಡ. ಚಿಪ್ಪಿನ ಒಂದು ತುದಿಯಲ್ಲಿರುವ ಅರ್ಧಚಂದ್ರಾಕಾರದ ಕಚ್ಚು ಪಕ್ಕದ ಚಿಪ್‌ಗಳ ಕಚ್ಚು ಇರುವ ದಿಕ್ಕಿಗೇ ಇರಬೇಕು. 28 ಕಾಲುಗಳಲ್ಲಿ ಒಂದೂ ಒಳಗೆ ಮಡಚಿಕೊಳ್ಳದಂತೆ ಎರಡೂ ಬದಿಯಿಂದ ಸಮವಾಗಿ ಒತ್ತಿ. ಬಲತುದಿಯ ಸಾಕೆಟ್‌ಗೆ ಆದ್ಯತೆ ಹೆಚ್ಚು. ಪ್ಲಸ್ ಅಲ್ಲಿದ್ದರೆ ಯಂತ್ರ ಚಾಲೂ ಆದೊಡನೆ ಬೇಸಿಕ್ ಬದಲು ನೇರವಾಗಿ ಅದೇ ತೆರೆದುಕೊಳ್ಳುತ್ತದೆ. ಬರೆಯುವುದಕ್ಕೆಂದೇ ಇಟ್ಟುಕೊಂಡ ಯಂತ್ರಕ್ಕೆ ಅದೇ ಸರಿ. ಮುಚ್ಚಳ ಹಾಕುವ ಮುಂಚೆ ನಕ್ಷತ್ರ ಚಿಹ್ನೆಯ ಮುಂದೆ ‘ಹೆಲ್ಪ್’ ಎಂದು ಟೈಪ್ ಮಾಡಿ ರಿಟರ್ನ್ ಒತ್ತಿ. ಒಳಗಿರುವ ಚಿಪ್‌ಗಳ ಹೆಸರುಗಳು ಬರುತ್ತವೆ.

ಮುಚ್ಚಳ ತೆಗೆದಿದ್ದೀರಿ ಎಂದ ಮೇಲೆ ಇನ್ನೊಂದು ವಿಷಯ ಹೇಳದೆ ಇರಲಾರೆ. ಇದು ಪ್ಲಸ್‌ಗಿಂತ ತುರ್ತಿನದು. ಈ ಯಂತ್ರದ ವಿದ್ಯುತ್ ಪೆಟ್ಟಿಗೆಯೊಳಗೆ, ಮುಖ್ಯ ವಿದ್ಯುತ್ತಿನ ಗದ್ದಲ ತಡೆಯಲು ಹಾಕಿದ ಕೆಪಾಸಿಟರ್‌ಗಳಿವೆ. ಪಾರದರ್ಶಕ ಹೊದಿಕೆಯ ಆ ಹಳೆಯ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ ಬಿರುಕು ಬಿಟ್ಟು, ತೇವ ಹೀರಿಕೊಂಡು, ಒಂದು ದಿನ ಚಾಲೂ ಇದ್ದಾಗಲೇ ದಟ್ಟ ಹೊಗೆ ಉಗುಳುತ್ತವೆ. ಬಿಬಿಸಿ ಮೈಕ್ರೋ ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ತೊಂದರೆ ಇದು. ಅವನ್ನು ಈಗಾಗಲೇ ಬದಲಿಸಿದ್ದಾರೆಯೇ ಎಂದು ನಿಮಗೆ ಯಂತ್ರ ಮಾರಿದವರನ್ನು ಕೇಳಿ. ಬದಲಿಸಿಲ್ಲವಾದರೆ ಬಲ್ಲ ತಂತ್ರಜ್ಞರಿಂದ ಬದಲಿಸಿಕೊಳ್ಳುವ ತನಕ ಯಂತ್ರವನ್ನು ಚಾಲೂ ಬಿಟ್ಟು ಕೋಣೆಯಿಂದ ಹೊರಗೆ ಹೋಗಬೇಡಿ. ಆ ಪೆಟ್ಟಿಗೆಯನ್ನು ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು. ಚಿಪ್‌ಗೆ ಕೊಡುವ ಹಣವಿದ್ದು ಎರಡರಲ್ಲಿ ಒಂದನ್ನೇ ಮಾಡಿಸಲು ಸಾಧ್ಯವೆಂದಾದರೆ ಇದನ್ನೇ ಮಾಡಿಸಿ.

ಕನ್ನಡದ ವಿಷಯ. ಇಲ್ಲ, ಈ ತಂತ್ರಾಂಶದಲ್ಲಿ ಸಾಧ್ಯವಿಲ್ಲ. ಮೋಡ್ 7ರ ಅಕ್ಷರಗಳು ಆ ಟೆಲಿಟೆಕ್ಸ್ಟ್ ಚಿಪ್ಪಿನೊಳಗೇ ಕೆತ್ತಿಟ್ಟಂತಿವೆ, ಬದಲಿಸುವಂತಿಲ್ಲ. ಬೇರೆ ಮೋಡ್‌ಗಳಲ್ಲಿ ನಮ್ಮದೇ ಅಕ್ಷರ ರಚಿಸಿಕೊಳ್ಳಬಹುದು, ಆದರೆ ಸಿಗುವುದು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕ. ತಲೆಕಟ್ಟು, ಗುಣಿತ, ಕೆಳಗೊಂದು ಒತ್ತು, ಕೆಲವೊಮ್ಮೆ ಎರಡು ಒತ್ತು ಬರುವ ನಮ್ಮ ಲಿಪಿಯನ್ನು ಎಂಟು ಚುಕ್ಕೆ ಎತ್ತರದಲ್ಲಿ ಓದುವಂತೆ ಕೂರಿಸಲು ಆಗುವುದಿಲ್ಲ. ‘ಲಕ್ಷ್ಮೀ’ ಎಂದು ಒಮ್ಮೆ ಚೌಕದ ಹಾಳೆಯ ಮೇಲೆ ಬರೆಯಲು ಪ್ರಯತ್ನಿಸಿದರೆ ಗೊತ್ತಾಗುತ್ತದೆ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಪಿಸಿಗಳಿಗೆ ಬಂದಾಗ ಭಾರತೀಯ ಲಿಪಿಗಳಿಗೆ ಪ್ರತ್ಯೇಕ ಯಂತ್ರಾಂಶವನ್ನೇ ಬಳಸಬೇಕಾಯಿತು ಎಂಬುದನ್ನು ನೆನೆದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಹಾಗೆಂದು ಈ ಕಂಪ್ಯೂಟರಿಗೂ ನಮಗೂ ನಂಟಿಲ್ಲವೆಂದಲ್ಲ. 1984ರಲ್ಲಿ ಭಾರತ ಸರ್ಕಾರ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಹೋದದ್ದು ಇದೇ ಬಿಬಿಸಿ ಮೈಕ್ರೋ. ಆ ಶಾಲೆಗಳ ಮಕ್ಕಳಿಗೆ ಮೊದಲ ಕಂಪ್ಯೂಟರ್ ಪಾಠ ಆದದ್ದು ಈ ಕೆಂಪು ಎಫ್ ಕೀಲಿಗಳ ಮೇಲೆಯೇ. ನಿಮ್ಮ ಬರಹದಲ್ಲಿ ಕನ್ನಡದ ಮಾತು ಬರುವಲ್ಲೆಲ್ಲ ಒಂದು ಗುರುತು ಹಾಕಿಕೊಂಡು ಹೋಗಿ, ಲ್ಯಾಪ್‌ಟಾಪ್‌ಗೆ ಸಾಗಿಸಿದ ಮೇಲೆ ಅಲ್ಲಿ ಕನ್ನಡ ತುಂಬಿ.

ಸಾಗಿಸುವುದು ಹೇಗೆಂದು ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಫ್ಲಾಪಿಯ ಬದಲು ಗೋಟೆಕ್ ಎಂಬ ಪುಟ್ಟ ಪೆಟ್ಟಿಗೆ ಜೋಡಿಸಿದರೆ ಬರಹ ಯುಎಸ್‌ಬಿ ಕಡ್ಡಿಗೆ ಹೋಗುತ್ತದೆ. ಉಳಿಸುವಾಗ ಮಾಮೂಲಿ ಫೈಲ್ ಒಂದು ಪ್ರತಿ ಇರಲಿ. ಅದರ ಜೊತೆಗೆ ಮೆನುವಿನ ಎಂಟನೆಯ ಆಯ್ಕೆಯಾದ ಸ್ಪೂಲ್ ಬಳಸಿ ಇನ್ನೊಂದು ಪ್ರತಿ ಮಾಡಿ. ಸ್ಪೂಲ್ ಮಾಡಿದ ಪ್ರತಿಯಲ್ಲಿ ಹಸಿರು ಆಜ್ಞೆಗಳು ಕೆಲಸ ಮುಗಿಸಿ ಮರೆಯಾಗಿರುತ್ತವೆ, ಶುದ್ಧ ಬರಹವಷ್ಟೇ ಇರುತ್ತದೆ. ಸ್ಪೂಲ್ ಮಾಡುವ ಮುಂಚೆ ಬರಹದ ತಲೆಯಲ್ಲಿ ಎನ್‌ಜೆ ಎಂಬ ಆಜ್ಞೆ ಹಾಕಿ. ಇಲ್ಲದಿದ್ದರೆ ಬಲ ಅಂಚು ಸಮ ಮಾಡಲೆಂದು ಪದಗಳ ನಡುವೆ ತುಂಬಿದ ಹೆಚ್ಚುವರಿ ಜಾಗಗಳನ್ನು ಲ್ಯಾಪ್‌ಟಾಪ್‌ನಲ್ಲಿ ಕೂತು ಅಳಿಸಬೇಕಾಗುತ್ತದೆ. ಅಲ್ಲಿ ತೆರೆದಾಗ ಅಧ್ಯಾಯವೆಲ್ಲ ಒಂದೇ ಸಾಲಾಗಿ ಕಂಡರೆ ಗಾಬರಿ ಬೇಡ, ಸಾಲು ಮುಗಿಯುವ ಗುರುತು ಬೇರೆ ಇರುವುದರಿಂದ ಹಾಗೆ. ಒಳ್ಳೆಯ ಯಾವುದೇ ಟೆಕ್ಸ್ಟ್ ಎಡಿಟರ್ ಅದನ್ನು ಸರಿಪಡಿಸುತ್ತದೆ.

ಇನ್ನು ಮಾರುವವರಿಗೆ ಕೇಳಬೇಕಾದ ಪ್ರಶ್ನೆ. ಅವರು ಕೊಡುವುದು ಅಂದಿನ ಮೂಲ ಚಿಪ್ಪೋ, ಈಗ ಹೊಸದಾಗಿ ಬರೆದ ಚಿಪ್ಪೋ ಎಂಬುದು ನನಗೆ ಅಷ್ಟು ಮುಖ್ಯವಲ್ಲ. ಮೇಲೆ ಪುಟ್ಟ ಗಾಜಿನ ಕಿಟಕಿ ಇರುವ ಚಿಪ್ಪಾದರೆ ಅದರ ಮೇಲಿನ ಅಂಟುಚೀಟಿ ಕೀಳಬಾರದು, ಬೆಳಕು ಒಳಗೆ ಹೋದರೆ ಬರೆದದ್ದು ಕ್ರಮೇಣ ಅಳಿಯಬಹುದು, ಅಷ್ಟೇ. ಕೇಳಬೇಕಾದದ್ದು ಕೈಪಿಡಿಯ ಬಗ್ಗೆ. ಹಳೆಯ ವರ್ಡ್‌ವೈಸ್ ಕೈಪಿಡಿ ಇಲ್ಲದೆಯೂ ಒಂದೆರಡು ದಿನದಲ್ಲಿ ಕೈಗೆ ಹತ್ತುತ್ತದೆ. ಪ್ಲಸ್‌ನ ಭಾಷೆ ಊಹೆಯಿಂದ ಬರುವಂಥದ್ದಲ್ಲ. ಕೈಪಿಡಿ ಇಲ್ಲದಿದ್ದರೆ ಆ ಒಂಬತ್ತನೆಯ ಆಯ್ಕೆ ಮುಚ್ಚಿದ ಬಾಗಿಲಾಗಿಯೇ ಉಳಿಯುತ್ತದೆ. ಕಾಗದದ ಕೈಪಿಡಿಯನ್ನಾಗಲಿ ಅದರ ಸ್ಕ್ಯಾನ್ ಪ್ರತಿಯನ್ನಾಗಲಿ ಜೊತೆಗೆ ಕೊಡುವುದಾದರೆ ಕೊಂಡುಕೊಳ್ಳಿ. ಬರೀ ಚಿಪ್ ಎಂದರೆ, ಕೈಪಿಡಿಯ ಪ್ರತಿಯನ್ನು ನೀವೇ ಮೊದಲು ಹುಡುಕಿಕೊಂಡು, ಭಾಷೆಯ ಅಧ್ಯಾಯವನ್ನು ಓದಿ ನೋಡಿದ ಮೇಲೆ ಹಣ ಕೊಡಿ.